ಕೆಂಚಿಯ ಪಥ್ಯ

ಹೊಳೆನರಸೀಪುರದ ಆಸುಪಾಸಿನ ಹಳ್ಳಿಗಳಲ್ಲಿ ಸೂಲಗಿತ್ತಿ ಪುಟ್ಟತಾಯಮ್ಮನ ಕೈಗೆ ಬೀಳದೆ ಭೂಮಿ ಕಂಡ ಕೂಸು ಕಡಿಮೆ. ಹೆರಿಗೆ ಮಾಡಿಸಿ ಎದ್ದು ಬರುವವಳಲ್ಲ ಅವಳು. ಬಾಣಂತಿಯ ಬಾಯಿಗೂ ಅವಳೇ ಕಾವಲು. ಕತ್ತಲ ಕೋಣೆ, ಹಳೇ ಅಕ್ಕಿಯ ಅನ್ನ, ಮೆಣಸು, ಬೆಳ್ಳುಳ್ಳಿ, ಗುಟುಕು ಬಿಸಿನೀರು. ಸೊಪ್ಪು ಶೀತ, ಕಾಳು ವಾಯು. ಎರಡೂ ಹೊಸಿಲು ದಾಟಕೂಡದು.

ಬಾಣಂತನಕ್ಕೆ ತವರಿಗೆ ಬಂದ ಅವಳ ಒಬ್ಬಳೇ ಮಗಳು ಬೆಟ್ಟಮ್ಮ ಅದೇ ಪಥ್ಯದಲ್ಲಿ ಬತ್ತಿ ಹೋದಳು. ಎದೆಹಾಲಿಲ್ಲದ ಕೂಸೂ ಹಿಂದೆಯೇ ಹೋಯಿತು. ಉಳಿದದ್ದು ಮಗಳು ಗಂಡನ ಮನೆಯಿಂದ ಕಂಕುಳಲ್ಲಿ ಅವುಚಿಕೊಂಡು ತಂದಿದ್ದ ಕೆಂಚು ಹೇಂಟೆ ಕೋಳಿ, ಕೆಂಚಿ.

ಯುದ್ಧದ ಕಾಲದಲ್ಲಿ, ಅಕ್ಕಿ ರೇಷನ್ನಿನ ಅಳತೆಯಲ್ಲಷ್ಟೇ ಸಿಕ್ಕುತ್ತಿದ್ದಾಗ, ಊರ ಕೋಳಿಗಳಿಗೆ ರೋಗ ಬಡಿದು ಗೂಡುಗೂಡೇ ಬರಿದಾಯಿತು. ಬದುಕಿದ್ದು ಕೆಂಚಿ ಮತ್ತು ಪಕ್ಕದ ಮನೆ ದ್ಯಾವಯ್ಯನ ಹುಂಜ. ಮಗಳ ಕೋಳಿಯ ಒಂದು ಮರಿಯಾದರೂ ಅಂಗಳದಲ್ಲಿ ಓಡಾಡಲಿ, ಅವಳ ಗುರುತು ಉಳಿಯಲಿ ಎಂಬುದೊಂದೇ ಪುಟ್ಟತಾಯಮ್ಮನ ಹಂಬಲ. ಕೆಂಚಿ ಮೊಟ್ಟೆಗೆ ಬರುತ್ತಲೇ ಒಲೆಯ ಮಗ್ಗುಲಲ್ಲಿ ಮಂಕರಿ ಕವುಚಿ ಅದನ್ನು ಕೂಡಿದಳು. ಹುಂಜವನ್ನಷ್ಟೇ ಒಳಗೆ ಬಿಡುತ್ತಿದ್ದಳು. ತನ್ನ ಪಾಲಿನ ಅಕ್ಕಿ ಬೇಯಿಸಿ, ಮೆಣಸು ಬೆರೆಸಿ ದಿನವೂ ಕೆಂಚಿಯ ಮುಂದಿಡುತ್ತಿದ್ದಳು.

ಹುಂಜ ಕರೆದೊಯ್ಯಲು ಬಂದ ದ್ಯಾವಯ್ಯ ನಕ್ಕ. "ಕೋಳೀನೂ ಬಾಣಂತಿ ಮಾಡ್ಬುಟ್ಯಲ್ಲಕ್ಕಯ್ಯ. ತಲೆಗೊಂದು ಬಟ್ಟೆ ಕಟ್ಬುಡು. ತಿಪ್ಪೆ ಮ್ಯಾಕೆ ಬುಡು ಅಂದ್ರೆ ಕೇಳಾಕಿಲ್ಲ."

"ನಿನ್ನ ಒಕ್ಕಳ ಬಳ್ಳಿ ಕುಯ್ದೋಳು ನಾನು. ನನಗೇ ಏಳ್ಕೊಡ್ತೀಯೇನ್ಲಾ?"

ಮೊದಮೊದಲ ಮೊಟ್ಟೆಗಳು ಈರುಳ್ಳಿ ಸಿಪ್ಪೆಯ ಹಾಗೆ ಬೆರಳಿಗೇ ಒಡೆದವು. ಗಟ್ಟಿಯಿದ್ದ ನಾಲ್ಕಾರನ್ನು ಆರಿಸಿ ಕಾವಿಗೆ ಕೂರಿಸಿದಳು. ದಿನ ತುಂಬಿತು, ಒಳಗಿಂದ ಕುಟುಕುವ ಸದ್ದಿಲ್ಲ. ದ್ಯಾವಯ್ಯನೇ ಬಂದು ಒಂದನ್ನು ಒಡೆದ. ಮೈತುಂಬ ತುಪ್ಪುಳು ಬಂದ ಮರಿ, ಕೊಕ್ಕು ಚಿಪ್ಪಿಗೆ ತಾಗಿಸಿಕೊಂಡು ಸತ್ತಿತ್ತು. ಉಳಿದವೂ ಹಾಗೆಯೇ.

"ಒಡ್ಕೊಂಡ್ ಬರಾಕೆ ತ್ರಾಣ ಎಲ್ಲೈತೆ ಇದಕ್ಕೆ?" ಎಂದ ದ್ಯಾವಯ್ಯ. "ತಾಯಿ ತಿಂದುದ್ದೇ ಅಲ್ವಾ ಮರೀಗೂ. ಉಳ ಇಲ್ಲ, ಸೊಪ್ಪಿಲ್ಲ. ಬರೀ ಅನ್ನದಾಗೆ ಏನೈತಕ್ಕಯ್ಯ?"

ಅವನು ಕೋಳಿಯ ಮಾತನ್ನಷ್ಟೇ ಆಡಿದ್ದ. ಪುಟ್ಟತಾಯಮ್ಮನ ಕಿವಿಯಲ್ಲಿ ಮಾತ್ರ ಬೆಟ್ಟಮ್ಮನ ದನಿ ಎದ್ದಿತು. 'ಅವ್ವಾ, ಒಂಚೂರು ಸೊಪ್ಸಾರು ಕೊಡವ್ವ. ನಾಲಗೆ ಒಣಗ್ತೈತೆ.' ಆವತ್ತು ಪುಟ್ಟತಾಯಮ್ಮ ಕೋಣೆಯ ಬಾಗಿಲು ಎಳೆದುಕೊಂಡು ಹೊರಗೆ ಕೂತಿದ್ದಳು.

ಮಂಕರಿ ಎತ್ತಿ ಕೆಂಚಿಯನ್ನು ತಿಪ್ಪೆಯ ಮೇಲಿಟ್ಟಳು. ಅದು ಕೆದಕಲಿಲ್ಲ. ಬಿಸಿಲಿಗೆ ಕಣ್ಣು ಮುಚ್ಚಿ, ಇಟ್ಟ ಕಡೆಯೇ ಕುಸಿದು ಕೂತಿತು.

"ಸೊಸೆಗೆ ದಿನ ತುಂಬೈತೆ, ಬೆಳಗಿಂದ ಸೊಂಟ ನೋವು. ಬತ್ತೀಯಾ ತಾನೆ?" ಎಂದ ದ್ಯಾವಯ್ಯ.

ಪುಟ್ಟತಾಯಮ್ಮ ತನ್ನ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಬ್ಯಾರೆ ಯಾರ್ನಾದ್ರೂ ಕರ್ಕಳಪ್ಪ."