ಸೀಟಿನಲ್ಲಿ ಕೂತ ಅಕ್ಕಿ ಮೂಟೆಗಳು

ನಾನು ಓದಿದ್ದು ನಾಲ್ಕನೇ ಕ್ಲಾಸು. ಕಾಗುಣಿತ ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ. ಆದರೆ ನನ್ನ ಮೊಮ್ಮಗಳು ಕಾರು ಓಡಿಸಿದ ಕಥೆಯನ್ನು ಬರೆಯದೆ ಇದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಸಿಂಗಪುರದ ಬೆಡೋಕಿನ ನಮ್ಮ ಬ್ಲಾಕಿನ ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಹೇಳಿ ಮುಗಿಸಿದ್ದೇನೆ. ಅರ್ಧ ಜನಕ್ಕೆ ನನ್ನ ಭಾಷೆ ಬಾರದು, ಆದರೂ ಪಾಪ, ತಲೆಯಾಡಿಸಿ ಕೇಳಿದರು. ಇನ್ನು ಉಳಿದಿರುವವರು ನೀವು.

ನನ್ನ ಮಗಳ ಮಗಳು ಅವಳು, ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಾಳೆ. ರಜ ಬಂದರೆ ಉಬಿಯ ಒಂದು ವರ್ಕ್‌ಶಾಪಿಗೆ ಹೋಗಿ ಕಾರುಗಳ ಕೆಳಗೆ ಮಲಗಿಕೊಂಡಿರುತ್ತಾಳೆ. ಅದರ ಮಾಲೀಕರು ಒಬ್ಬ ಚೀನೀ ಅಂಕಲ್. ಅವರ ಹತ್ತಿರ ಒಂದು ಹಳೆಯ ಪುಟ್ಟ ಕಾರಿತ್ತು, ಹಾಲು ಹಾಕಿದ ಕಾಫಿಯ ಬಣ್ಣದ್ದು. ಈ ಊರಿನಲ್ಲಿ ಕಾರಿಗೆ ಹತ್ತು ವರ್ಷ ತುಂಬಿತೆಂದರೆ ಮುದುಕಾಯಿತೆಂದೇ ಲೆಕ್ಕ. ಇದೋ, ನನ್ನ ಮಗಳಿಗಿಂತ ವಯಸ್ಸಿನಲ್ಲಿ ದೊಡ್ಡದು. ಸಾಕಿ ಸಾಕಿ ಅಂಕಲ್ಲಿಗೂ ಸಾಕಾಗಿತ್ತು. ಗುಜರಿಗೆ ಹಾಕಿಬಿಡುತ್ತೇನೆ ಎನ್ನುತ್ತಿದ್ದರು. ಇವಳು ಆ ಮಾತು ಕೇಳಿದ ದಿನವೆಲ್ಲ ಊಟ ಬಿಡುತ್ತಿದ್ದಳು.

ಅಷ್ಟರಲ್ಲಿ ಹಳೆಯ ಕಾರಿನ ಹುಚ್ಚಿರುವ ಒಂದಷ್ಟು ಜನ ಸೇರಿ, ಜುರಾಂಗ್ ಕಡೆ ಒಂದು ದೊಡ್ಡ ಖಾಲಿ ಯಾರ್ಡು ಬಾಡಿಗೆಗೆ ಹಿಡಿದು, ಪಂದ್ಯ ಇಟ್ಟರು. ಜೋರಾಗಿ ಓಡಿಸುವ ಪಂದ್ಯವಲ್ಲ, ತಾಳಿಕೆಯ ಪಂದ್ಯ. ಬೆಳಗಿನಿಂದ ಸಂಜೆಯವರೆಗೆ ಸುತ್ತು ಹಾಕುತ್ತಲೇ ಇರಬೇಕು. ಮೊಮ್ಮಗಳು ಅಂಕಲ್ಲಿನ ಹಿಂದೆ ಬಿದ್ದಳು. ಕೊನೆಗೆ ಅವರು ಒಪ್ಪಿ ಒಂದು ಷರತ್ತು ಹಾಕಿದರಂತೆ: ಸಂಜೆ ಕಾರು ತನ್ನ ಕಾಲ ಮೇಲೆ ತಾನೇ ಗೆರೆ ದಾಟಿದರೆ ಇಟ್ಟುಕೊಳ್ಳೋಣ, ನಡುವೆ ನಿಂತುಹೋದರೆ ಅಲ್ಲಿಂದ ಸೀದಾ ಗುಜರಿಗೆ.

ಪಂದ್ಯದ ಕ್ರಮವನ್ನು ಅವಳು ನನಗೆ ಹೇಳಿದ್ದು ನಾನು ಕೊತ್ತಂಬರಿ ಸೊಪ್ಪು ಬಿಡಿಸುತ್ತಾ ಕೂತಿದ್ದಾಗ. ಸೊಪ್ಪು ಕೈಯಲ್ಲೇ ಉಳಿಯಿತು. ಸುಮಾರು ನೂರು ವರ್ಷದ ಹಿಂದೆ, ಫ್ರಾನ್ಸ್ ದೇಶದಲ್ಲಿ, ಕಾರು ಮಾಡುವವರಿಗೂ ಕೊಳ್ಳುವವರಿಗೂ ಒಂದೇ ಪ್ರಶ್ನೆಯಿತ್ತಂತೆ: ಈ ಯಂತ್ರ ಎಷ್ಟು ಹೊತ್ತು ತಾಳುತ್ತದೆ? ಅದಕ್ಕೆಂದು ಪಂದ್ಯ ಮಾಡಿದರು. ಪಂದ್ಯಕ್ಕೆಂದೇ ಕಟ್ಟಿದ ಕಾರಲ್ಲ, ಅಂಗಡಿಯಲ್ಲಿ ಮಾರುವಂಥ ಕಾರನ್ನೇ ತರಬೇಕು. ದೀಪ, ಹಾರನ್ನು, ಕನ್ನಡಿ ಒಂದೂ ಬಿಚ್ಚಬಾರದು. ಬಟ್ಟೆಯ ಚಾವಣಿ ಇದ್ದರೆ ಅದನ್ನು ಎತ್ತಿ ಕಟ್ಟಿಯೂ ಕೆಲವು ಸುತ್ತು ಓಡಿಸಿ ತೋರಿಸಬೇಕು, ಯಾಕೆಂದರೆ ಮಳೆ ಬಂದರೆ ಕೊಂಡವರು ಹಾಗೆಯೇ ತಾನೆ ಓಡಿಸುವುದು. ರಾತ್ರಿಯಿಡೀ, ಕೆಸರಿನಲ್ಲಿ, ಗ್ಯಾಸಿನ ದೀಪದಷ್ಟು ಬೆಳಕಿನಲ್ಲಿ ಓಡಿಸಿದರಂತೆ. ಕೆಟ್ಟರೆ ಓಡಿಸುವವನೇ ಇಳಿದು, ಕಾರಿನೊಳಗೆ ಏನಿದೆಯೋ ಅದರಿಂದಲೇ ರಿಪೇರಿ ಮಾಡಿಕೊಳ್ಳಬೇಕು. ಹೊರಗಿನಿಂದ ಒಂದು ಬೋಲ್ಟೂ ಕೊಡುವಂತಿಲ್ಲ.

ನನ್ನ ಯಜಮಾನರು ಮೈಸೂರಿನಲ್ಲಿ ಬಾಡಿಗೆ ಕಾರು ಓಡಿಸುತ್ತಿದ್ದವರು. ಊಟಿ ಘಾಟಿಯಲ್ಲಿ ಹೊಗೆ ಕಕ್ಕುತ್ತಾ ನಿಂತ ಗಾಡಿಯ ಪಕ್ಕ ಒಂಟಿಯಾಗಿ ಬೆಳಗು ಕಾಯ್ದ ಕಥೆಯನ್ನು ಎಷ್ಟು ಸಲ ಹೇಳಿದ್ದರೋ. ರೇಡಿಯೇಟರು ಸೋರಿದರೆ ಅದಕ್ಕೆ ಸುರಿದು ತೂತು ಮುಚ್ಚಲೆಂದು ನನ್ನ ಅರಿಶಿನದ ಡಬ್ಬಿ ಖಾಲಿ ಮಾಡಿಕೊಂಡು ಹೋಗುತ್ತಿದ್ದರು. ನಾನು ಬೈಯುತ್ತಿದ್ದೆ. ಅವರು ಪಟ್ಟ ಪಾಡನ್ನೇ ಪಂದ್ಯ ಮಾಡಿ, ಜನ ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರೇ? ಮೊಮ್ಮಗಳನ್ನು ಎರಡೆರಡು ಸಲ ಕೇಳಿದೆ. ಹೌದಂತೆ. ಯಜಮಾನರಿಗೆ ಇದು ಗೊತ್ತಾಗಬೇಕಿತ್ತು ಅನ್ನಿಸಿತು.

ಇನ್ನೊಂದು ನಿಯಮವಿತ್ತು. ಕಾರೆಂದರೆ ಮನೆಮಂದಿಯೆಲ್ಲ ಕೂರುವಂಥದ್ದು. ಆದರೆ ಪಂದ್ಯದಲ್ಲಿ ಮಂದಿಯನ್ನು ಕೂರಿಸಿದರೆ ಅಪಾಯ. ಅದಕ್ಕೆ ಖಾಲಿ ಸೀಟಿಗೆ ಒಬ್ಬೊಬ್ಬರ ತೂಕದಷ್ಟು ಮೂಟೆ ಹೇರುತ್ತಿದ್ದರು. ಜುರಾಂಗಿನಲ್ಲೂ ಅದೇ ಕ್ರಮ. ಮರಳು ಮೂಟೆ ತರುತ್ತೇವೆ ಎಂದಳು.

ಮನುಷ್ಯರು ಕೂರುವ ಜಾಗದಲ್ಲಿ ಮಣ್ಣು ಕೂರಿಸುವುದೇ? ಅದೂ ಮಗು ಓಡಿಸುವ ಕಾರಿನಲ್ಲಿ? ಆಗದು ಎಂದೆ.

"ಅಜ್ಜಿ, ಅದು ಜಸ್ಟ್ ವೆಯ್ಟ್ ಲಾ. ಯಾರೂ ಏನೂ ಅನ್ಕೊಳ್ಳಲ್ಲ."

"ನಾನು ಅನ್ಕೊಳ್ತೀನಲ್ಲ," ಎಂದೆ. "ಅಕ್ಕಿ ಹಾಕು. ಅಕ್ಕಿಗೂ ತೂಕ ಇದೆ."

ಮಗಳು ಆಫೀಸಿನಿಂದ ಬಂದವಳು ನಮ್ಮಿಬ್ಬರನ್ನೂ ನೋಡಿ, "ಅಮ್ಮ, ಅಷ್ಟು ಅಕ್ಕಿ ಆಮೇಲೆ ತಿನ್ನೋರು ಯಾರು? ಮನೆಯಲ್ಲಿರೋದು ಮೂರು ಜನ, ಅದರಲ್ಲಿ ಒಬ್ಬಳು ಡಯಟ್ಟು," ಎಂದಳು. ಬಾಯಲ್ಲಿ ಹಾಗೆಂದರೂ ಶನಿವಾರ ಟ್ಯಾಕ್ಸಿಯಲ್ಲಿ ಹೋಗಿ ಸೋನಾ ಮಸೂರಿ ಮೂಟೆಗಳನ್ನು ತಂದವಳು ಅವಳೇ. ಬರೀ ಬಿಳಿ ಅಕ್ಕಿ ಶುಭಕ್ಕೆ ಆಗಿಬರುವುದಿಲ್ಲ, ಅರಿಶಿನ ಮುಟ್ಟಬೇಕು. ಹಾಗಾಗಿ ನಾನು ಒಂದೊಂದು ಮೂಟೆಯ ಬಾಯಿ ಬಿಚ್ಚಿ, ಒಂದೊಂದು ಅರಿಶಿನದ ಪೊಟ್ಟಣ ಇಟ್ಟು ಕಟ್ಟಿದೆ. ಹೆಣ್ಣುಮಗು ಹೊರಟಿದ್ದಾಳೆ, ಮಡಿಲು ತುಂಬಿದ ಹಾಗೂ ಆಯಿತು.

ಪಂದ್ಯದ ಬೆಳಗ್ಗೆ ಬಿಳಿ ಟೋಪಿ ಹಾಕಿದ ಒಬ್ಬರು ಕಾರುಗಳನ್ನೆಲ್ಲ ತಪಾಸಣೆ ಮಾಡಿದರು. ನಮ್ಮದರ ಆಶ್‌ಟ್ರೇಯನ್ನೂ ಎಳೆದು ನೋಡಿದರು. ಆಮೇಲೆ ಸೀಟಿನಲ್ಲಿ ಬೆಲ್ಟು ಕಟ್ಟಿಕೊಂಡು ಕೂತಿದ್ದ ಮೂಟೆ ಬಿಚ್ಚಿಸಿದರು. ಅಕ್ಕಿ. ಅದರೊಳಗೆ ಹಳದಿ ಪೊಟ್ಟಣ. ಮೊಮ್ಮಗಳು ಅವರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿ ನನ್ನ ಕಡೆ ಕೈ ತೋರಿಸಿದಳು. ನಾನು ಕೈ ಮುಗಿದೆ. ಅವರು ಮೂಟೆಗಳನ್ನು ತೂಗಿಸಿ, ನಗುತ್ತಾ ಬರೆದುಕೊಂಡರು. ಒಳಗೆ ಇರುವುದೆಲ್ಲ ಇನ್ನು ಕಾರಿಗೆ ಸೇರಿದ್ದು, ಹೊಸದಾಗಿ ಏನೂ ಸೇರಿಸುವಂತಿಲ್ಲ ಎಂದರಂತೆ. ಪೆಟ್ರೋಲಿನ ಮುಚ್ಚಳಕ್ಕೂ ರೇಡಿಯೇಟರಿನ ಮುಚ್ಚಳಕ್ಕೂ ತಂತಿ ಸುತ್ತಿ ಸೀಸದ ಮೊಹರು ಹಾಕಿದರು. ಅರ್ಧ ದಾರಿ ಆದಮೇಲೆ ಒಂದೇ ಒಂದು ಸಲ ಅದನ್ನು ಬಿಚ್ಚಿ ತುಂಬಿಸಬಹುದು. ಇದೂ ಹಳೆಯ ಕಾಲದ ಕ್ರಮವೇ. ಹಗ್ಗದ ಈಚೆ ನಿಂತವರು ಓಡಿಸುವವರ ಜೊತೆ ಮಾತಾಡಬಾರದು, ಸನ್ನೆಯನ್ನೂ ಮಾಡಬಾರದು ಎಂದು ನಮಗೆ ಹೇಳಿದರು. ಮಗಳು ನನ್ನ ಮುಖವನ್ನೇ ನೋಡಿದಳು.

ಕಾರುಗಳು ಹೊರಟವು. ಅಬ್ಬಾ, ಹೇಗೆ ಹೇಳಲಿ. ಅವೇನು ಬಾಣದ ಹಾಗೆ ಹೋಗಲಿಲ್ಲ. ಮದುವೆಗೆ ಹೊರಟ ನೆಂಟರ ಹಾಗೆ ಒಂದರ ಹಿಂದೆ ಒಂದು, ಗಡಬಡಿಸಿಕೊಂಡು ಹೋದವು. ನಮ್ಮ ಕಾಫಿ ಬಣ್ಣದ್ದು ಎಲ್ಲಕ್ಕಿಂತ ಹಿಂದೆ. ತಿರುವಿನಲ್ಲಿ ಅಕ್ಕಿ ಮೂಟೆಗಳು ಮೂರೂ ಒಟ್ಟಿಗೆ ವಾಲುತ್ತಿದ್ದವು, ಅತ್ತೆ ಮಾವ ನಾದಿನಿ ಕೂತಿದ್ದಾರೇನೋ ಅನ್ನುವಂತೆ. ಅವರ ಜೊತೆ ಸ್ಟೀರಿಂಗ್ ಹಿಡಿದು ನನ್ನ ಮಗು. ಬಿಸಿಲು ಏರಿತು. ಒಂದೊಂದೇ ಕಾರು ಉಸಿರು ಬಿಟ್ಟು ಪಕ್ಕಕ್ಕೆ ಸರಿಯಿತು. ಚಕ್ರ ಇಡೀ ದಿನ ತಿರುಗುವುದೆಂದರೆ ಎಂಥ ದೊಡ್ಡ ಸಂಗತಿ ಎಂದು ನನಗೆ ಆವತ್ತೇ ತಿಳಿದದ್ದು. ದಿನಾ ಬಸ್ಸಿನಲ್ಲಿ ಓಡಾಡುತ್ತೇವೆ, ಒಂದು ದಿನವೂ ಅದನ್ನು ನೆನೆದವರಲ್ಲ.

ಮಧ್ಯಾಹ್ನಕ್ಕೆ ಮೊದಲೇ ನಮ್ಮದರ ಮೂತಿಯಿಂದ ಸಣ್ಣಗೆ ಹಬೆ ಎದ್ದಿತು. ಹಾದುಹೋದ ಕಡೆಯೆಲ್ಲ ನೆಲದ ಮೇಲೆ ಹನಿ ಬಿದ್ದಿತ್ತು. ಅಂಕಲ್ ಬಗ್ಗಿ ಬೆರಳಿನಲ್ಲಿ ಮುಟ್ಟಿ ನೋಡಿದರು. ಎದ್ದು ಹೋಗಿ ನೆರಳಿನಲ್ಲಿ ಕೂತರು. ಮೊಹರು ಇರುವಾಗ ನೀರು ಹಾಕುವಂತಿಲ್ಲ, ಹಾಕಿದರೂ ಸೋರಿ ಹೋಗುತ್ತದೆ. ಗುಜರಿಯ ಲಾರಿಗೆ ಫೋನು ಮಾಡುವುದೊಂದೇ ಬಾಕಿ ಅನ್ನುವ ಹಾಗಿತ್ತು ಅವರ ಮುಖ.

ಇದರ ಮದ್ದು ನನಗೆ ಗೊತ್ತಿತ್ತು! ಅರಿಶಿನ ಅವಳ ಪಕ್ಕದಲ್ಲೇ ಬೆಲ್ಟು ಕಟ್ಟಿಕೊಂಡು ಕೂತಿತ್ತು. ಆದರೆ ಬಾಯಿ ಬಿಟ್ಟರೆ ಪಂದ್ಯದಿಂದಲೇ ಹೊರಗೆ. ಸೆರಗನ್ನು ಬಾಯಿಗೆ ತುರುಕಿಕೊಂಡೆ. ಮಗಳು ನನ್ನ ಕೈ ಹಿಡಿದುಕೊಂಡಳು, ಸನ್ನೆ ಮಾಡಿಬಿಟ್ಟೇನು ಎಂದು.

ಅವಳು ಕಾರನ್ನು ಮೆಲ್ಲಗೆ ಓಡಿಸತೊಡಗಿದಳು. ಇಳಿಜಾರಿನಲ್ಲಿ ಇಂಜಿನ್ನಿಗೆ ಬಿಡುವು ಕೊಟ್ಟು ತೇಲಿಸುವಳು, ನೆರಳಿದ್ದ ಕಡೆ ನೆರಳಿಗೆ ಅಂಟಿಕೊಂಡು ಹೋಗುವಳು. ಉಸಿರು ಕಟ್ಟಿದ ಮಗುವನ್ನು ಎತ್ತಿಕೊಂಡು ನಡೆಯುವ ತಾಯಿಯ ಹಾಗೆ ಅದನ್ನು ಅರ್ಧ ದಾರಿಯವರೆಗೆ ತಂದಳು. ಮೊಹರು ಬಿಚ್ಚುವ ಜಾಗಕ್ಕೆ ಬಂದು ನಿಲ್ಲಿಸಿ, ಇಂಜಿನ್ನು ತಣಿಯುವವರೆಗೆ ಬಾನೆಟ್ಟಿಗೆ ಒರಗಿ ನಿಂತಳು. ಬೇರೆ ಕಾರುಗಳು ಸುತ್ತುತ್ತಲೇ ಇದ್ದವು. ಆಮೇಲೆ ಮುಚ್ಚಳ ತೆಗೆದು ನೀರು ಸುರಿದಳು. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನನ್ನ ಕಣ್ಣೇ ಹೇಳಿಬಿಡುತ್ತಿತ್ತೇನೋ.

ಹಿಂದಿನ ಬಾಗಿಲು ತೆಗೆದಳು. ಮೂಟೆಯ ಬಾಯಿ ಬಿಚ್ಚಿ ಕೈ ಹಾಕಿದಳು. ಪೊಟ್ಟಣ ಹೊರಗೆ ಬಂತು. ಇನ್ನೊಂದು ಮೂಟೆ, ಇನ್ನೊಂದು ಪೊಟ್ಟಣ. ಬಿಳಿ ಟೋಪಿಯವರು ಹತ್ತಿರ ಬಂದು ನೋಡಿದರು. ಅವಳು ಬೆಳಗ್ಗೆ ಅವರು ಬರೆದುಕೊಂಡಿದ್ದ ಹಾಳೆಯ ಕಡೆಗೇ ಬೆರಳು ತೋರಿಸಿದಳು. ಅವರು ಗಲ್ಲ ತುರಿಸಿಕೊಂಡು, "ಕ್ಯಾನ್," ಎಂದರು. ಆಗಬಹುದು ಅಂತ. ಇಷ್ಟು ಇಂಗ್ಲಿಷು ನನಗೂ ಅರ್ಥವಾಗುತ್ತದೆ.

ತಾತನ ಕಥೆ ನೆನಪಿತ್ತಾ ಎಂದು ಆಮೇಲೆ ಕೇಳಿದೆ. "ಕಥೆ ಅಲ್ಲ ಅಜ್ಜಿ, ನೀನು ತಾತನಿಗೆ ಬೈದಿದ್ದು ನೆನಪಿತ್ತು. ಡಬ್ಬಿ ಖಾಲಿ ಮಾಡಿದ್ರಿ ಅಂತ ಇವತ್ತಿಗೂ ಬೈತೀಯಲ್ಲ," ಎಂದಳು.

ಅರಿಶಿನ ಸುರಿದು ಹೊರಟ ಮೇಲೆ ಮೊದಲ ಸುತ್ತಿನಲ್ಲಿ ಹನಿ ಬೀಳುತ್ತಲೇ ಇತ್ತು, ಈಗ ಹಳದಿ ಹನಿ. ಆಮೇಲೆ ಕಡಿಮೆಯಾಯಿತು. ಆಮೇಲೆ ನೆಲ ಒಣಗಿತು. ನೆರಳಿನಿಂದ ಎದ್ದು ಬಂದ ಅಂಕಲ್ ಹಗ್ಗದ ಹತ್ತಿರ ನಿಂತವರು ಕೂರಲೇ ಇಲ್ಲ. ಸಂಜೆ ಬಾವುಟ ಬೀಸುವಾಗ ಓಡುತ್ತಿದ್ದ ಕಾರುಗಳಲ್ಲಿ ನಮ್ಮದೇ ಕಟ್ಟಕಡೆಯದು. ಕಡೆಯದಾದರೇನು, ತನ್ನ ಕಾಲ ಮೇಲೆ ಗೆರೆ ದಾಟಿತು. ನಾನು ಸೆರಗನ್ನು ಬಾಯಿಂದ ತೆಗೆದೆ. ಬೆಳಗಿನಿಂದ ಕಟ್ಟಿಟ್ಟಿದ್ದ ಮಾತೆಲ್ಲ ಹೊರಗೆ ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಬರೀ ಅಳು.

ಆ ಅಕ್ಕಿಯಲ್ಲಿ ಒಂದು ಮೂಟೆ ಪುಳಿಯೋಗರೆಯಾಗಿ ನಮ್ಮ ಬ್ಲಾಕಿನ ಕೆಳಗೆ ವಾಯ್ಡ್ ಡೆಕ್ಕೆನ್ನುವ ತೆರೆದ ಹಜಾರದಲ್ಲಿ ಎಲ್ಲರ ತಟ್ಟೆಗೂ ಹೋಯಿತು. ಡಯಟ್ಟಿನ ಮಗಳು ಎರಡು ಸಲ ಬಡಿಸಿಕೊಂಡಳು. ಆದರೆ ನನ್ನ ಕಣ್ಣಲ್ಲಿ ಉಳಿದಿರುವುದು ಅದಲ್ಲ. ಮಾರನೆಯ ದಿನ ಉಬಿಯಲ್ಲಿ ಅಂಕಲ್ ರೇಡಿಯೇಟರಿನ ನೀರು ಇಳಿಸಿದರು, ಸೋರುವ ಜಾಗಕ್ಕೆ ಬೆಸುಗೆ ಹಾಕಿ ಕಾರನ್ನು ಇಟ್ಟುಕೊಳ್ಳಲೆಂದು. ನಾನು ಆರತಿ ತಟ್ಟೆ ಹಿಡಿದುಕೊಂಡು ಹೋಗಿದ್ದೆ. ಅರಿಶಿನಕ್ಕೆ ಒಳಗಿನ ತುಕ್ಕೋ ಕ್ಷಾರವೋ ಏನು ಸೇರಿತೋ, ಅಂಕಲ್ಲಿನ ಬೋಗುಣಿಗೆ ಬಿದ್ದ ನೀರು ಕೆಂಪಾಗಿತ್ತು, ಸುಣ್ಣ ಬೆರೆಸಿದ ಓಕುಳಿಯ ಹಾಗೆ. ನಾನು ತಟ್ಟೆ ಕೆಳಗಿಟ್ಟೆ. ಆ ಬೋಗುಣಿಯನ್ನೇ ಎತ್ತಿ, ಕಾರಿನ ಮುಂದೆ ನಿಂತ ಮೊಮ್ಮಗಳಿಗೂ ಕಾರಿಗೂ ಸೇರಿಸಿ ಮೂರು ಸಲ ನಿವಾಳಿಸಿದೆ.