ಎಂಟು ಕಾಲಿನ ಐಸಿ, ಅಕ್ಕನ ಬ್ಯಾರನ್

ಹುಣಸೂರಿನ ಡಿಪ್ಲೊಮಾ ಕಾಲೇಜಿನಲ್ಲಿ ನಾನು ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ಪ್ರತಿ ವರ್ಷ 741 ಅನ್ನುವ ಎಂಟು ಕಾಲಿನ ಐಸಿ ಚಿಪ್ ಅನ್ನು ಮಕ್ಕಳ ಕೈಗೆ ಕೊಟ್ಟಾಗ ಯಾರಾದರೊಬ್ಬರು, "ಮೇಡಂ, ಇದು ನಮ್ಮ ತಾತನ ಕಾಲದ್ದಲ್ವಾ?" ಅನ್ನುತ್ತಾರೆ. ಹೌದಪ್ಪ, ನಿಮ್ಮ ತಾತನ ಕಾಲದ್ದೇ. ಆದರೂ ಇದನ್ನೇ ಯಾಕೆ ಕಲಿಸುತ್ತೇವೆ ಎಂಬ ಕುತೂಹಲ ನನಗೂ ಇತ್ತು.

ಹೋದ ವರ್ಷ ಹಾರನಹಳ್ಳಿ ಕಡೆಯ ಅಕ್ಕನ ಮನೆಗೆ ಹೋದಾಗ, ಸೊಪ್ಪು ಒಣಗಿಸುವ ಬಿಸಿ ಕೋಣೆಯಾದ ಬ್ಯಾರನ್‌ನಲ್ಲಿ ಹೊಗೆಸೊಪ್ಪು ಬೇಯುತ್ತಿತ್ತು. ಅದೇ ಹೊತ್ತಿಗೆ ಅಕ್ಕನ ಮಗಳಿಗೆ ಪಿರಿಯಾಪಟ್ಟಣದ ಆಸ್ಪತ್ರೆಯಲ್ಲಿ ಹೆರಿಗೆಯಾಗಿತ್ತು. ಭಾವ ಅಲ್ಲಿದ್ದರು. ಬೇಯಿಸುವ ಹದ ಬಲ್ಲವಳು ಅಕ್ಕನೇ, ಹಾಗಾಗಿ ಮೂರು ದಿನವಾದರೂ ಮೊಮ್ಮಗುವಿನ ಮುಖ ನೋಡಿರಲಿಲ್ಲ. ಅವಳ ಅತ್ತೆ ಒಲೆಗೆ ಸೌದೆ ಹಾಕಬಲ್ಲರು, ಆದರೆ ಕಣ್ಣು ಮಂಜು. ಥರ್ಮಾಮೀಟರ್ ಕಾಣದು.

"ನಾನು ನೋಡ್ಕೋತೀನಿ" ಅಂದೆ.

"ನೀನಾ? ಹಾಲು ಉಕ್ಕಿ ಒಲೆ ಆರಿದ್ರೂ ನೋಡಾಕಿಲ್ಲ ನೀನು. ಬುಡು" ಅಂದಳು ಅಕ್ಕ.

ರೋಷ ಬಂತು. ಬ್ಯಾಗಿನಲ್ಲಿದ್ದ ಪಾಠದ ಸಾಮಾನು ಹರವಿಕೊಂಡು, ಅದೇ 741 ಇಟ್ಟು ಕಾವು ಹೆಚ್ಚಾದರೆ ಕೂಗುವ ಬಜರ್ ಕಟ್ಟಿದೆ. ಶಾಖ ಅಳೆಯುವ ತುಣುಕನ್ನು ಬ್ಯಾರನ್ ಒಳಗೆ ಇಳಿಬಿಡುವ ಮೊದಲೇ ಅದು ಅರಚತೊಡಗಿತು. ಇಳಿಬಿಟ್ಟ ಮೇಲೆ ಗಪ್‌ಚುಪ್. ಇರುವುದು ಎಂಟೇ ಕಾಲು, ಬೆರಳಿಟ್ಟು ಹುಡುಕಿದೆ; ಇದನ್ನೇ ಕಲಿಸುವುದು ಅದಕ್ಕೇ ಇರಬೇಕು. ಎರಡನೆಯದರ ವೈರು ಮೂರಕ್ಕೆ, ಮೂರನೆಯದರದು ಎರಡಕ್ಕೆ ಹೋಗಿತ್ತು. ಇದೇ ತಪ್ಪಿಗೆ ನಾನು ಮಕ್ಕಳ ಅಂಕ ಕತ್ತರಿಸುವುದು. ನಾಚಿಕೆಯಾಯಿತು.

ವೈರು ಕೀಳುವಷ್ಟರಲ್ಲಿ ಅತ್ತೆ ಕೇಳಿದರು, "ಈಗ ಯಾವಾಗ ಕೂಗ್ತದೆ ಇದು?"

"ಕಾವು ಇಳಿದಾಗ. ಉಲ್ಟಾ ಆಗಿದೆ, ಸರಿ ಮಾಡ್ತೀನಿ."

"ಅಂಗೇ ಇರ್ಲಿ ಕಣವ್ವ. ಸೌದೆ ಹಾಕೋಳು ನಾನೇ, ಅಳತೆ ಮೀರಿ ಹಾಕಾಕಿಲ್ಲ. ಬೆಂಕಿ ಕುಗ್ಗಿದ್ದೇ ಕಾಣಾಕಿಲ್ಲ ನಂಗೆ. ಕಾವು ಇಳಿದ್ರೆ ಸೊಪ್ಪು ಕರ್ರಗಾಯ್ತದೆ."

ಕೀಳಹೊರಟ ವೈರನ್ನು ಹಾಗೇ ಬಿಟ್ಟೆ. ಏನು ಬೇಕು ಅಂತ ಒಂದು ಮಾತು ಅವರನ್ನು ಕೇಳಿರಲಿಲ್ಲ ನಾನು. ಅಕ್ಕ ಹೇಳಿದ ಕಾವಿಗೆ ಬಜರ್ ಹೊಂದಿಸಿದೆ. ಅವಳು ಎರಡು ಸಲ ಒಲೆಯ ಹತ್ತಿರ ಹೋಗಿ ಬಂದು, ಕೊನೆಗೆ ಸೀರೆ ಬದಲಿಸಿದಳು. ಇಬ್ಬರೂ ಪಿರಿಯಾಪಟ್ಟಣದ ಬಸ್ಸು ಹತ್ತಿದೆವು.

ಸಂಜೆ ವಾಪಸ್ ಬಂದು ಬಸ್ಸಿಳಿದವಳೇ ಅಕ್ಕ ಬ್ಯಾರನ್‌ಗೆ ಓಡಿ ಥರ್ಮಾಮೀಟರ್ ನೋಡಿದಳು. ಕಾವು ಅವಳು ಬಿಟ್ಟುಹೋದಲ್ಲೇ ಇತ್ತು.

"ಮೂರು ಸತಿ ಅತ್ತಿತು, ಮೂರು ಸತಿನೂ ಉಣಿಸ್ದೆ" ಅಂದರು ಅತ್ತೆ, ಒಲೆಯ ಮುಂದಿಂದ ಮೇಲೇಳದೆ. "ಅದಿರ್ಲಿ. ನಮ್ಮ ಕೂಸು ಯಾರಂಗೈತವ್ವ?"