ಒರ್ಫಾಳ ಬೆರಳು ಮರೆಯದ ವಿಳಾಸ

ಮೂವತ್ತೊಂದು ವರ್ಷ ಒರ್ಫಾ ಸ್ಟಿಡಮ್ ಒಂದೇ ವಿಳಾಸವನ್ನು ಟೈಪ್ ಮಾಡಿದ್ದಳು. ಕೆಂಟಕಿಯ ಬೆಟ್ಟಗಳ ನಡುವಿನ ಆ ಪುಟ್ಟ ಊರಿನಲ್ಲಿ ಡಾಕ್ಟರ್ ಕಾಡಿಲ್ ಅವರ ಬಿಲ್ಲು, ನೋಂದಣಿ ಎಲ್ಲವೂ ಅವಳ ಪಾಲಿನ ಕೆಲಸ. ಕ್ಲಿನಿಕ್ ಮುಚ್ಚಿ ಎರಡು ವರ್ಷವಾಗಿದೆ. ಎಪ್ಪತ್ನಾಲ್ಕರ ಡಾಕ್ಟರು ಈಗ ಮನೆಯಲ್ಲೇ ಕುಳಿತು ಲ್ಯಾಪ್‌ಟಾಪಿನಲ್ಲಿ ರೋಗಿಗಳನ್ನು ನೋಡುತ್ತಾರೆ. ಆದರೂ ವಯಸ್ಸಾದವರ ಚಿಕಿತ್ಸೆಯ ಖರ್ಚು ಕೊಡುವ ಸರ್ಕಾರಿ ವಿಮೆ ಮೆಡಿಕೇರ್‌ಗೆ ಕಳಿಸುವ ಈ ಸಲದ ಅರ್ಜಿಯಲ್ಲಿ, ರೋಗಿಗಳನ್ನು ನೋಡುವ ಸ್ಥಳ ಎಂದಿದ್ದ ಕಡೆ ಬೆರಳುಗಳು ತಾವಾಗಿಯೇ ಹಳೆಯ ವಿಳಾಸವನ್ನು ಒತ್ತಿಬಿಟ್ಟಿದ್ದವು.

ಅರ್ಜಿ ವಾಪಸು ಬಂತು. ತಪಾಸಣೆಗೆ ಹೋದ ಮೆಡಿಕೇರ್‌ನವರಿಗೆ ಕ್ಲಿನಿಕ್ಕಿನ ಬೀಗ ಕಂಡಿತ್ತು. ಮೂವತ್ತು ದಿನದೊಳಗೆ ತಿದ್ದದಿದ್ದರೆ ನೋಂದಣಿ ರದ್ದು. ಆಮೇಲೆ ಬೆಟ್ಟದ ಮೇಲಿನ ಮುದುಕರಿಗೆ ಡಾಕ್ಟರೆಂದರೆ ಎಪ್ಪತ್ತು ಮೈಲಿಯಾಚೆ.

ಕಾಗದ ಹಿಡಿದು ಡಾಕ್ಟರ ಮನೆಗೆ ಹೊರಟವಳು ದಾರಿಯಲ್ಲಿ ಕ್ಲಿನಿಕ್ಕಿನ ಮುಂದೆ ನಿಂತಳು. ಬಾಗಿಲ ಮೇಲೆ ಕೈಯಲ್ಲಿ ಬರೆದ ಬೋರ್ಡು, ಕಿಟಕಿಯಲ್ಲಿ ಇಣುಕಿದರೆ ಒಳಗೆ ಹಳದಿ ಬೆಂಚು, ಎರಡೂ ಇನ್ನೂ ಇದ್ದವು. ಚಳಿಗಾಲದ ಬೆಳಗುಗಳಲ್ಲಿ ಅವಳು ಕಾಫಿ ಕಾಯಿಸುತ್ತಿದ್ದಳು. ಬೂಟಿಗೆ ಮೆತ್ತಿದ ಮಂಜನ್ನು ಕೊಡವುತ್ತಾ ಜನ ಬರುತ್ತಿದ್ದರು. ಅವಳ ಮೇಜಿನ ಮೇಲೆ ಯಾರೋ ಟೊಮೆಟೊ, ಯಾರೋ ಜೋಳದ ದಂಟಿನ ರಸ ಕಾಯಿಸಿದ ಸಿಹಿ ಪಾಕ ಇಟ್ಟು ಹೋಗುತ್ತಿದ್ದರು. ಕೆಮ್ಮು ಕೇಳಿಯೇ ಬಾಗಿಲ ಹೊರಗೆ ಯಾರೆಂದು ಹೇಳುತ್ತಿದ್ದಳು.

"ಹಳೇದೇ ಇರ್ಲಿ ಬಿಡು, ಒರ್ಫಾ," ಎಂದರು ಡಾಕ್ಟರು ಅಡುಗೆಮನೆಯ ಮೇಜಿನಿಂದ. "ಅವರು ಬಂದ ದಿನ ಹೋಗಿ ಬೀಗ ತೆಗೀತೀನಿ."

"ಹೇಳಿ ಬರ್ತಾರಾ ಅವರು? ಸುಳ್ಳು ಬರೆಯೋಕೆ ನನ್ನ ಕೈಲಾಗಲ್ಲ, ಡಾಕ್ಟ್ರೇ."

"ಆ ಬೋರ್ಡು ಇಮೊಜೀನ್ ಬರೆದಿದ್ದು."

ತೀರಿಹೋದ ಹೆಂಡತಿಯ ಹೆಸರನ್ನು ಅವರು ಎತ್ತುವುದೇ ಅಪರೂಪ.

ಅಷ್ಟರಲ್ಲಿ ಲ್ಯಾಪ್‌ಟಾಪ್ ಸದ್ದು ಮಾಡಿತು. ಪರದೆಯಲ್ಲಿ ಮುದುಕಿ ಬ್ಯೂಲಾ ನೇಪಿಯರ್‌ಳ ಅರ್ಧ ಮುಖ.

"ಬಿಪಿ ಎಷ್ಟಿದೆ, ಬ್ಯೂಲಾ?"

"ನನ್ನ ಬಿಪಿ ಹಾಳಾಗ್ಲಿ, ನಿಮ್ಮ ಬೆನ್ನ ಹಿಂದೆ ಬೀನ್ಸ್ ಸೀದು ಹೋಗ್ತಿದೆ ನೋಡ್ರಿ!"

ಒರ್ಫಾ ಓಡಿ ಒಲೆ ಆರಿಸಿದಳು.

"ಯಾರದು, ಒರ್ಫಾನಾ? ಬೆಂಚು ಒಂದಿಲ್ಲ ಅಷ್ಟೇ, ಮಿಕ್ಕಿದ್ದೆಲ್ಲ ಇಲ್ಲೇ ಇದೆಯಲ್ಲೇ! ಕಾಫಿ ಎಲ್ಲೇ?"

ಡಾಕ್ಟರು ನಕ್ಕರು. ಬ್ಯೂಲಾಳ ಮಾತ್ರೆ ಬದಲಿಸಿ ಕರೆ ಮುಗಿಸಿದ ಮೇಲೆ, ಎದ್ದು ತಳ ಹಿಡಿದ ಪಾತ್ರೆಯನ್ನು ಒಲೆಯಿಂದ ಇಳಿಸಿದರು.

"ಈ ಮನೆ ವಿಳಾಸಾನೇ ಬರಿ."

"ಬೀದಿ, ಮನೆ ನಂಬರು ಹೊರಗಿನೋರಿಗೆ ಕಾಣದ ಹಾಗೆ ಅರ್ಜೀಲಿ ಒಂದು ಗುರುತು ಹಾಕ್ಬೋದು."

"ಹಾಕು. ಗೊತ್ತಿರೋರಿಗೆ ಹೆಂಗೂ ಗೊತ್ತು. ಆ ಬೋರ್ಡು ಮಾತ್ರ ಬಿಚ್ಚಿಸಿ ಇಲ್ಲಿಗೆ ತರ್ಸು."

ಒರ್ಫಾ ಕುಳಿತಳು. ಈ ವಿಳಾಸ ಬೆರಳುಗಳಿಗೆ ಗೊತ್ತಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವಳ ಹಾಗೆ, ಒಂದೊಂದೇ ಅಕ್ಷರವನ್ನು ಹುಡುಕಿ ಒತ್ತಿದಳು.